ಒಂದು ವೋಟಿನ ಲೆಕ್ಕ: ಎ.ಆರ್. ಕೃಷ್ಣಮೂರ್ತಿಯವರ ಚುನಾವಣೆಗಳು

(ರಾಜ್ಯಶಾಸ್ತ್ರ ಓದುವ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚುನಾವಣೆ ಹತ್ತಿರ ಬಂದರೆ ಸಾಕು, ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡೋಕೆ ಶುರುವಾಗುತ್ತದೆ. ಕರ್ನಾಟಕದಲ್ಲಿ ಒಬ್ಬರು ಒಂದೇ ಒಂದು ವೋಟಿನಿಂದ ಸೋತರು, ಅವರ ಕಾರಿನ ಡ್ರೈವರ್ ಅವತ್ತು ವೋಟು ಹಾಕಿರಲಿಲ್ಲ, ಹಾಕಿದ್ದರೆ ಗೆಲ್ಲುತ್ತಿದ್ದರು, ಆದ್ದರಿಂದ ತಪ್ಪದೆ ಮತ ಹಾಕಿ ಅಂತ. ನೀವೂ ಓದಿರುತ್ತೀರಿ. ಕಥೆ ಅಲ್ಲಿಗೇ ಮುಗಿಯುತ್ತದೆ. ಸೋತವರು ಯಾರು, ಗೆದ್ದವರು ಯಾರು, ಆಮೇಲೆ ಇಬ್ಬರೂ ಏನಾದರು ಅಂತ ಯಾರೂ ಹೇಳುವುದಿಲ್ಲ. ನನಗೆ ಆ ‘ಆಮೇಲೆ’ಯೇ ಜಾಸ್ತಿ ಕುತೂಹಲ. ಇವತ್ತಿನ ಮಾತು ಅದರ ಬಗ್ಗೆ.

ಸೋತವರು ಎ.ಆರ್. ಕೃಷ್ಣಮೂರ್ತಿ. ಗೆದ್ದವರು ಆರ್. ಧ್ರುವನಾರಾಯಣ. ಕ್ಷೇತ್ರ ಸಂತೇಮರಹಳ್ಳಿ. ವರ್ಷ 2004.

ಮೊದಲು ಜಾಗದ ಬಗ್ಗೆ ಎರಡು ಮಾತು. ಸಂತೇಮರಹಳ್ಳಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಆಚೆ ಯಳಂದೂರು, ಅದರಾಚೆ ಬಿಳಿಗಿರಿರಂಗನ ಬೆಟ್ಟ. ಜಿಲ್ಲೆ ಮೈಸೂರಿನಿಂದ ಬೇರೆಯಾಗಿದ್ದು 1997ರಲ್ಲಿ. ಈ ಹೋಬಳಿಯ ಹೆಸರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವೇ ಇತ್ತು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ.

ಮೀಸಲು ಕ್ಷೇತ್ರದ ರಾಜಕೀಯವೇ ಬೇರೆ ಥರ. ನಿಂತವರೆಲ್ಲ ಪರಿಶಿಷ್ಟ ಜಾತಿಯವರೇ ಆದ್ದರಿಂದ ಆ ಸಮುದಾಯದ ಮತ ಹಂಚಿಹೋಗುತ್ತದೆ. ಲಿಂಗಾಯತರು, ನಾಯಕರು, ಉಪ್ಪಾರರು, ಕುರುಬರು ಯಾರ ಕಡೆ ವಾಲಿದರು ಅನ್ನುವುದು ಫಲಿತಾಂಶವನ್ನು ನಿರ್ಧರಿಸುತ್ತದೆ. ಅಂದರೆ ಇಲ್ಲಿ ಗೆಲ್ಲಬೇಕಾದವರು ಎಲ್ಲ ಕೇರಿಗೂ ಹೋಗಬೇಕು, ಎಲ್ಲರ ಮನೆಯ ಕಷ್ಟ ಸುಖಕ್ಕೂ ಆಗಬೇಕು. ಸಾಮಾನ್ಯ ಕ್ಷೇತ್ರದಲ್ಲಿ ಒಂದು ದೊಡ್ಡ ಜಾತಿಯನ್ನು ಹಿಡಿದುಕೊಂಡು ಗೆದ್ದು ಬರುವ ಸೌಕರ್ಯ ಇಲ್ಲಿಲ್ಲ.

ಕೃಷ್ಣಮೂರ್ತಿಯವರ ತಂದೆ ಬಿ. ರಾಚಯ್ಯ. ಊರು ಚಾಮರಾಜನಗರದ ಹತ್ತಿರದ ಆಲೂರು. ಮೈಸೂರು ಸೀಮೆಯ ದಲಿತ ನಾಯಕರಲ್ಲಿ ಬಹಳ ಹಳಬರು. ಶಾಸಕರಾಗಿದ್ದರು, ಮಂತ್ರಿಯಾಗಿದ್ದರು, 1977ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದರು, ಕಡೆಗೆ ಹಿಮಾಚಲ ಪ್ರದೇಶ ಮತ್ತು ಕೇರಳದ ರಾಜ್ಯಪಾಲರಾದರು. ಮಗ ಆ ಹೆಸರಿನ ನೆರಳಲ್ಲೇ ರಾಜಕೀಯಕ್ಕೆ ಬಂದವರು. ಜನತಾ ಪರಿವಾರದಿಂದ ಸಂತೇಮರಹಳ್ಳಿಯಲ್ಲಿ ಗೆದ್ದು ಶಾಸಕರೂ ಆದರು. ಅಂದರೆ 2004ರಲ್ಲಿ ಸೋತದ್ದು ಯಾರೋ ಹೊಸಬರಲ್ಲ, ಕ್ಷೇತ್ರದಲ್ಲಿ ಬೇರು ಬಿಟ್ಟಿದ್ದ ಮನೆತನದವರು.

ಎದುರಾಳಿ ಧ್ರುವನಾರಾಯಣ ಕೃಷಿ ವಿಜ್ಞಾನ ಓದಿದವರು. 1999ರಲ್ಲಿ ಇದೇ ಸಂತೇಮರಹಳ್ಳಿಯಲ್ಲಿ ಬಿಜೆಪಿಯಿಂದ ನಿಂತು ಸೋತಿದ್ದರು. ಐದು ವರ್ಷದ ನಂತರ ಕಾಂಗ್ರೆಸ್ಸಿನಿಂದ ಬಂದರು. ಕೃಷ್ಣಮೂರ್ತಿ ಜೆಡಿಎಸ್. ಈ ಪಕ್ಷದ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಅದಲು ಬದಲಾಗುತ್ತವೆ.

2004ರ ಏಪ್ರಿಲ್ 20 ಮತ್ತು 26ರಂದು, ಎರಡು ಹಂತದಲ್ಲಿ, ಲೋಕಸಭೆ ಮತ್ತು ವಿಧಾನಸಭೆಗೆ ಒಟ್ಟಿಗೇ ಮತದಾನ ಆಯಿತು. ದೇಶದಲ್ಲೆಲ್ಲ ಮತಯಂತ್ರ ಬಂದ ಮೊದಲ ಮಹಾ ಚುನಾವಣೆ ಅದು. ಅದಕ್ಕೂ ಮುಂಚೆ ಕಾಗದದ ಮತಪತ್ರ ಇದ್ದಾಗ ಎಣಿಕೆ ಕೋಣೆಯಲ್ಲಿ ಜಗಳಕ್ಕೆ ಬೇಕಾದಷ್ಟು ಅವಕಾಶ ಇತ್ತು. ಮುದ್ರೆ ಗೆರೆ ದಾಟಿದೆಯಾ, ಎರಡು ಚಿಹ್ನೆಗೂ ತಗುಲಿದೆಯಾ, ಹೆಬ್ಬೆಟ್ಟಿನ ಗುರುತು ಬಿದ್ದಿದೆಯಾ ಅಂತ ಒಂದೊಂದು ಕಾಗದವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕುಲಗೆಟ್ಟ ಮತಗಳ ಕಟ್ಟೇ ಬೇರೆ ಇರುತ್ತಿತ್ತು. ಆ ಕಾಲವಾಗಿದ್ದರೆ ಒಂದು ವೋಟಿನ ಅಂತರ ನಿಲ್ಲುತ್ತಲೇ ಇರಲಿಲ್ಲ, ಮರುಎಣಿಕೆಯಲ್ಲಿ ಆ ಕಡೆಗೋ ಈ ಕಡೆಗೋ ನಾಲ್ಕಾರು ಸರಿದುಬಿಡುತ್ತಿತ್ತು.

ಯಂತ್ರದ ಎಣಿಕೆ ಒಣ ಒಣ. ಮೇಜಿನ ಮೇಲೆ ಕಂಟ್ರೋಲ್ ಯೂನಿಟ್ ಇಡುತ್ತಾರೆ. ಅರಗಿನ ಮುದ್ರೆ ಸರಿಯಿದೆಯಾ ಅಂತ ಏಜೆಂಟರಿಗೆ ತೋರಿಸುತ್ತಾರೆ. ತಂತಿ ಬಲೆಯ ಆಚೆ ಏಜೆಂಟರು ಕಾಗದ ಪೆನ್ನು ಹಿಡಿದು ಕೂತಿರುತ್ತಾರೆ. ಅವರ ಹತ್ತಿರ ಮತಗಟ್ಟೆಯಲ್ಲಿ ಕೊಟ್ಟ 17ಸಿ ನಮೂನೆಯ ಪ್ರತಿ ಇರುತ್ತದೆ, ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿದ್ದಿದೆ ಅಂತ ಅದರಲ್ಲಿ ಬರೆದಿರುತ್ತದೆ. ರಿಸಲ್ಟ್ ಗುಂಡಿ ಒತ್ತಿದರೆ ಮೊದಲು ಒಟ್ಟು ಮತ ಬರುತ್ತದೆ, ಆಮೇಲೆ ಒಂದನೇ ಅಭ್ಯರ್ಥಿಗೆ ಎಷ್ಟು, ಎರಡನೆಯವರಿಗೆ ಎಷ್ಟು ಅಂತ ಸಾಲಾಗಿ. ಒಟ್ಟು ತಾಳೆಯಾದರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ. ಮತ್ತೆ ಹತ್ತು ಸಲ ಒತ್ತಿದರೂ ಅದೇ ಅಂಕಿ. ಆಗ ತಕರಾರು ಎತ್ತೋಕೆ ಉಳಿಯುತ್ತಿದ್ದದ್ದು ಅಂಚೆ ಮತಗಳು ಮಾತ್ರ.

ಎಲ್ಲ ಮುಗಿದಾಗ ಕೃಷ್ಣಮೂರ್ತಿಯವರಿಗೆ 40,751. ಧ್ರುವನಾರಾಯಣರಿಗೆ 40,752.

ಇದಕ್ಕಿಂತ ಕಡಿಮೆ ಅಂತರದಲ್ಲಿ ಗೆಲ್ಲೋಕೆ ಆಗುವುದೇ ಇಲ್ಲ ಅಲ್ವಾ?

ಈಗ ವಾಟ್ಸಾಪ್ ಕಥೆಯ ಡ್ರೈವರ್ ಹತ್ತಿರ ಬರೋಣ. ಅವರಿಗೆ ಅವತ್ತು ಮತಗಟ್ಟೆಗೆ ಹೋಗಿ ಬರೋಕೆ ಬಿಡುವು ಸಿಗಲಿಲ್ಲ ಅಂತ ಪತ್ರಿಕೆಗಳಲ್ಲಿ ಬಂತು. ಅದು ನಿಜ ಅಂತಲೇ ಇಟ್ಟುಕೊಳ್ಳೋಣ. ಅವರು ಹೋಗಿ ತಮ್ಮ ಸಾಹುಕಾರರಿಗೇ ವೋಟು ಹಾಕಿದರು ಅಂತಲೂ ಇಟ್ಟುಕೊಳ್ಳೋಣ. ಆಗ ಏನಾಗುತ್ತಿತ್ತು? ಯಾರಾದರೂ ಹೇಳಿ.

(ಸಭೆಯಿಂದ ಒಟ್ಟಿಗೇ ಬಂದ ಉತ್ತರ: “ಗೆಲ್ಲುತ್ತಿದ್ದರು.”)

ಇಲ್ಲ. 40,751ಕ್ಕೆ ಒಂದು ಕೂಡಿಸಿ. 40,752. ಇಬ್ಬರಿಗೂ ಸಮ. ಗೆಲುವಲ್ಲ, ಬರೀ ಟೈ. ಇಪ್ಪತ್ತು ವರ್ಷದಿಂದ ಈ ಕಥೆ ಹೇಳುತ್ತಾ ಬಂದವರು ಯಾರೂ ಈ ಒಂದು ಕೂಡುವ ಲೆಕ್ಕ ಮಾಡಿದಂತೆ ಕಾಣುವುದಿಲ್ಲ.

ಸಮ ಬಂದರೆ ಏನು ಮಾಡಬೇಕು ಅಂತ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 65ನೇ ಕಲಮಿನಲ್ಲಿದೆ. ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತದೋ ಅವರಿಗೆ ಇನ್ನೊಂದು ಮತ ಬಿದ್ದಿದೆ ಅಂತ ಭಾವಿಸಿ ಫಲಿತಾಂಶ ಘೋಷಿಸಬೇಕು. ನೋಡಿ, ಕಾನೂನಿಗೂ ಗೆಲುವು ಅಂದರೆ ಒಂದು ವೋಟಾದರೂ ಮುಂದೆ ಇರಲೇಬೇಕು. ಇಲ್ಲದಿದ್ದರೆ ಅದು ತಾನೇ ಒಂದು ವೋಟು ಹುಟ್ಟಿಸಿಕೊಳ್ಳುತ್ತದೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಚೀಟಿ ಎತ್ತುವುದು ಹೊಸದೇನಲ್ಲ, ಪ್ರತಿ ಸಲ ಎಲ್ಲಾದರೂ ಒಂದು ಕಡೆ ಆಗುತ್ತದೆ. 2017ರ ಮುಂಬೈ ಪಾಲಿಕೆ ಚುನಾವಣೆಯಲ್ಲೂ ಒಂದು ವಾರ್ಡಿನ ಫಲಿತಾಂಶ ಹೀಗೇ ಚೀಟಿಯಲ್ಲಿ ತೀರ್ಮಾನವಾಯಿತು. ಆದ್ದರಿಂದ ಡ್ರೈವರ್ ವೋಟು ಹಾಕಿದ್ದರೆ ಕೃಷ್ಣಮೂರ್ತಿಯವರಿಗೆ ಸಿಗುತ್ತಿದ್ದದ್ದು ಅರ್ಧ ಅವಕಾಶ, ಅಷ್ಟೇ.

ಇನ್ನೊಂದು ಕಡೆಯಿಂದ ನೋಡಿ. ಧ್ರುವನಾರಾಯಣರಿಗೆ ಹಾಕಿದ 40,752 ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಮನಸ್ಸು ಬದಲಿಸಿ ಕೃಷ್ಣಮೂರ್ತಿಯವರಿಗೆ ಹಾಕಿದ್ದರೆ? ಅಂಕಿಗಳು ಪೂರ್ತಿ ತಿರುಗುಮುರುಗಾಗುತ್ತಿದ್ದವು. ಇವರಿಗೆ 40,752, ಅವರಿಗೆ 40,751. ಚೀಟಿಯೂ ಬೇಡ. ಮನೆಯಲ್ಲೇ ಉಳಿದ ಇಬ್ಬರನ್ನು ಕರೆತಂದು ಹಾಕಿಸಿದರೆ ಆಗುವ ಕೆಲಸ, ಎದುರು ಕಡೆಯ ಒಬ್ಬರನ್ನು ಒಲಿಸಿಕೊಂಡರೆ ಆಗುತ್ತದೆ. ಪ್ರಚಾರದ ಕೊನೆಯ ದಿನಗಳಲ್ಲಿ ಪಕ್ಷದವರು ‘ಡೋಲಾಯಮಾನ’ ಮನೆಗಳಿಗೆ ಎರಡೆರಡು ಸಲ ಹೋಗುವುದು ಸುಮ್ನೆ ಅಲ್ಲ.

ಡ್ರೈವರ್ ವಿಷಯದಲ್ಲಿ ನನಗೆ ಇನ್ನೊಂದು ತಕರಾರಿದೆ. ವೋಟು ಹಾಕದೆ ಉಳಿದವರು ಕ್ಷೇತ್ರದಲ್ಲಿ ಸಾವಿರಾರು ಜನ ಇದ್ದರು. ಬೆಂಗಳೂರಿಗೆ ಕೆಲಸಕ್ಕೆ ಹೋದವರು, ಕಾಯಿಲೆ ಮಲಗಿದವರು, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು, ಯಾರು ಬಂದರೇನು ಅಂತ ಸುಮ್ಮನಿದ್ದವರು. ಅವರಲ್ಲಿ ಯಾರನ್ನಾದರೂ ‘ಆ ಒಂದು ವೋಟು’ ಅನ್ನಬಹುದಿತ್ತು. ನಾವು ಬೆರಳು ತೋರಿಸಿದ್ದು ಮಾತ್ರ ಸಂಬಳಕ್ಕಿದ್ದ ಒಬ್ಬ ಮನುಷ್ಯನ ಕಡೆ. ಮತದಾನದ ದಿನ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕು ಅಂತ 1996ರಲ್ಲೇ ಅದೇ ಕಾಯ್ದೆಗೆ 135ಬಿ ಕಲಮು ಸೇರಿಸಿದ್ದಾರೆ. ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ಅದು ನಡೆಯುತ್ತದೆ. ಆದರೆ ಚುನಾವಣೆಯ ದಿನ ಅತಿ ಹೆಚ್ಚು ದುಡಿಯುವವರೇ ಡ್ರೈವರ್‌ಗಳು, ಅಡುಗೆಯವರು, ಶಾಮಿಯಾನದ ಹುಡುಗರು. ಬೆಳಗಿನಿಂದ ಸಂಜೆವರೆಗೆ ಅಭ್ಯರ್ಥಿಯನ್ನು ಮತಗಟ್ಟೆಯಿಂದ ಮತಗಟ್ಟೆಗೆ ಕರೆದೊಯ್ಯುವವನಿಗೆ ತನ್ನ ಮತಗಟ್ಟೆಗೆ ಹೋಗೋಕೆ ಪುರುಸೊತ್ತಿರುವುದಿಲ್ಲ. ನೀತಿಕಥೆ ಹೇಳುವುದಿದ್ದರೆ ಅದನ್ನು ಕಾರಿನ ಮುಂದಿನ ಸೀಟಿಗೆ ಹೇಳಬಾರದು, ಹಿಂದಿನ ಸೀಟಿಗೆ ಹೇಳಬೇಕು.

ಸರಿ, ಆ ಒಂದು ವೋಟಿನಿಂದ ರಾಜ್ಯದ ರಾಜಕೀಯ ಏನಾದರೂ ಬದಲಾಯಿತಾ? ಏನೂ ಇಲ್ಲ. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ ಬಂತು. ಯಾರಿಗೂ ಬಹುಮತವಿಲ್ಲ. ಕಾಂಗ್ರೆಸ್ಸೂ ಜೆಡಿಎಸ್ಸೂ ಕೈಜೋಡಿಸಿ ಮೇ 28ರಂದು ಧರಂ ಸಿಂಗ್ ಮುಖ್ಯಮಂತ್ರಿಯಾದರು. ಸಂತೇಮರಹಳ್ಳಿಯಲ್ಲಿ ಒಂದು ವೋಟಿಗಾಗಿ ಬಡಿದಾಡಿದ್ದ ಎರಡೂ ಪಕ್ಷಗಳು ಬೆಂಗಳೂರಿನಲ್ಲಿ ಒಂದೇ ಸಾಲಿನಲ್ಲಿ ಕೂತವು. ಕೃಷ್ಣಮೂರ್ತಿ ಗೆದ್ದಿದ್ದರೂ ಅದೇ ಸರ್ಕಾರ. ಅಂಕಿ 64, 59 ಆಗುತ್ತಿತ್ತು, ಅಷ್ಟೇ.

ಬದಲಾಗಿದ್ದು ಇಬ್ಬರು ಮನುಷ್ಯರ ದಾರಿ. ಅಲ್ಲೇ ಸ್ವಾರಸ್ಯ ಇರುವುದು.

ಶಾಸಕರಾದ ಧ್ರುವನಾರಾಯಣ ಹಿಂತಿರುಗಿ ನೋಡಲಿಲ್ಲ. ಕೃಷ್ಣಮೂರ್ತಿಯವರಿಗೆ ಸೋಲಿಗಿಂತ ದೊಡ್ಡ ಪೆಟ್ಟು ಬಿದ್ದಿದ್ದು 2008ರಲ್ಲಿ, ಅದೂ ಮತದಾರರಿಂದಲ್ಲ. ಕ್ಷೇತ್ರ ಪುನರ್ವಿಂಗಡಣೆ ಆಯಿತು. 2001ರ ಜನಗಣತಿ ಇಟ್ಟುಕೊಂಡು ಕ್ಷೇತ್ರಗಳ ಗಡಿಯನ್ನೆಲ್ಲ ಹೊಸದಾಗಿ ಎಳೆದರು. ಹೊಸ ನಕಾಶೆಯ ಮೇಲೆ ಮೊದಲು ಚುನಾವಣೆ ನಡೆದದ್ದೇ ಕರ್ನಾಟಕದಲ್ಲಿ. ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ 33ರಿಂದ 36 ಆಯಿತು, ಪಂಗಡದ್ದು 2ರಿಂದ 15 ಆಯಿತು. ಆ ಗಲಾಟೆಯಲ್ಲಿ ಸಂತೇಮರಹಳ್ಳಿ ಅನ್ನುವ ಕ್ಷೇತ್ರವೇ ಅಳಿಸಿಹೋಯಿತು. ಯಳಂದೂರು, ಸಂತೇಮರಹಳ್ಳಿ ಹೋಬಳಿ ಎಲ್ಲ ಕೊಳ್ಳೇಗಾಲಕ್ಕೆ ಸೇರಿತು.

ರಾಜಕಾರಣಿಗೆ ಕ್ಷೇತ್ರ ಹೋಗುವುದು ಅಂದರೆ ಏನು ಅಂತ ಯೋಚಿಸಿ. ಇಂಥ ಊರಲ್ಲಿ ಯಾರ ಮನೆ ಜಗಲಿಯಲ್ಲಿ ಕೂರಬೇಕು, ಯಾವ ಯಜಮಾನರಿಗೆ ಮೊದಲು ಕೈಮುಗಿಯಬೇಕು, ಯಾವ ಎರಡು ಗುಂಪು ಒಟ್ಟಿಗೆ ಬರುವುದಿಲ್ಲ ಅನ್ನುವ ತಿಳಿವಳಿಕೆ ಹತ್ತಾರು ವರ್ಷದಲ್ಲಿ ಕೂಡಿಬರುತ್ತದೆ. ಗಡಿ ಬದಲಾದರೆ ಅದರಲ್ಲಿ ಅರ್ಧ ಕೆಲಸಕ್ಕೆ ಬಾರದು. ಒಂದು ವೋಟಿನ ಸೋಲನ್ನು ಮುಂದಿನ ಸಲ ತೀರಿಸಿಕೊಳ್ಳಬಹುದು. ಇಲ್ಲದ ಕ್ಷೇತ್ರದಲ್ಲಿ ತೀರಿಸಿಕೊಳ್ಳುವುದು ಹೇಗೆ? ಅವರ ರಾಜಕೀಯ ಜೀವನವನ್ನು ಬರೆಯುವವರು 2004ಕ್ಕೆ ಕೊಡುವಷ್ಟು ಜಾಗವನ್ನು 2008ಕ್ಕೂ ಕೊಡಬೇಕು ಅಂತ ನನ್ನ ಅಭಿಪ್ರಾಯ.

ಧ್ರುವನಾರಾಯಣ 2008ರಲ್ಲಿ ಹೊಸ ಕೊಳ್ಳೇಗಾಲದಿಂದ ಗೆದ್ದರು. ಮುಂದಿನ ವರ್ಷವೇ ಕಾಂಗ್ರೆಸ್ ಅವರನ್ನು ಚಾಮರಾಜನಗರ ಲೋಕಸಭೆಗೆ ನಿಲ್ಲಿಸಿತು. ಎದುರಿಗೆ ಬಿಜೆಪಿಯಿಂದ ಯಾರು ಗೊತ್ತಾ? ಕೃಷ್ಣಮೂರ್ತಿ. ಹತ್ತು ವರ್ಷದ ಹಿಂದೆ ಬಿಜೆಪಿಯಲ್ಲಿದ್ದವರು ಈಗ ಕಾಂಗ್ರೆಸ್, ಜನತಾದಳದವರು ಈಗ ಬಿಜೆಪಿ. ಧ್ರುವನಾರಾಯಣರಿಗೆ 3,69,970. ಕೃಷ್ಣಮೂರ್ತಿಗೆ 3,65,968. ಅಂತರ 4,002. ಎಂಟು ವಿಧಾನಸಭಾ ಕ್ಷೇತ್ರ ಸೇರಿದ ಲೋಕಸಭೆಯಲ್ಲಿ ಇದೂ ಕೂದಲೆಳೆಯ ಅಂತರವೇ. ಒಂದೇ ಮನುಷ್ಯನಿಗೆ ಎರಡನೇ ಸಲ, ಅದೇ ಎದುರಾಳಿಯ ಕೈಯಲ್ಲಿ.

2014ರಲ್ಲಿ ಮತ್ತೆ ಇದೇ ಜೋಡಿ. ದೇಶದ ತುಂಬ ಬಿಜೆಪಿ ಅಲೆ ಇತ್ತು. ಚಾಮರಾಜನಗರದಲ್ಲಿ ಉಲ್ಟಾ ಆಯಿತು. ಧ್ರುವನಾರಾಯಣ 1,41,182 ಮತಗಳಿಂದ ಗೆದ್ದರು. ಒಂದು, ನಾಲ್ಕು ಸಾವಿರ, ಒಂದು ಲಕ್ಷದ ನಲವತ್ತೊಂದು ಸಾವಿರ. ಸೋಲು ದೊಡ್ಡದಾಗುತ್ತಾ ಹೋದರೂ ಈ ಎರಡನೆಯದು, ಮೂರನೆಯದು ಯಾರಿಗೂ ನೆನಪಿಲ್ಲ. ಜನಕ್ಕೆ ಒಂದೇ ನೆನಪು.

ಹೀಗೆ ಒಂದು ವೋಟಿನ ಸೋಲಿನಿಂದ ಬಹುಬೇಗ ಎದ್ದು ನಿಂತವರೂ ಇದ್ದಾರೆ. ರಾಜಸ್ಥಾನದ ಸಿ.ಪಿ. ಜೋಶಿ 2008ರಲ್ಲಿ ನಾಥದ್ವಾರದಲ್ಲಿ 62,215 ಮತ ಪಡೆದು ಸೋತರು, ಗೆದ್ದವರಿಗೆ 62,216. ಅಲ್ಲೂ ಒಂದು ವೋಟು ಕೂಡಿದರೆ ಟೈ. ಆಗ ಅವರು ರಾಜ್ಯ ಕಾಂಗ್ರೆಸ್ ಅಧ್ಯಕ್ಷರು, ಮುಖ್ಯಮಂತ್ರಿ ಕುರ್ಚಿಯ ಆಸೆ ಇದ್ದವರು. ಆರು ತಿಂಗಳೊಳಗೆ ಭೀಲ್ವಾಡಾದಿಂದ ಲೋಕಸಭೆಗೆ ಹೋಗಿ ಕೇಂದ್ರ ಮಂತ್ರಿಯಾದರು. 2018ರಲ್ಲಿ ಅದೇ ನಾಥದ್ವಾರದಿಂದ ಗೆದ್ದು ಆಮೇಲೆ ಸ್ಪೀಕರ್ ಆದರು. ಪಕ್ಷದಲ್ಲಿ ದೊಡ್ಡ ಹುದ್ದೆ ಇದ್ದವರಿಗೆ ಸೋತರೂ ಇನ್ನೊಂದು ಬಾಗಿಲು ತೆರೆಯುತ್ತದೆ. ಜಿಲ್ಲೆಯ ರಾಜಕಾರಣಿಗೆ ಆ ಅನುಕೂಲ ಇರುವುದಿಲ್ಲ.

ಕೃಷ್ಣಮೂರ್ತಿ ಮತ್ತೆ ಪಕ್ಷ ಬದಲಿಸಿದರು. ಈ ಸಲ ಕಾಂಗ್ರೆಸ್, ಅಂದರೆ ಧ್ರುವನಾರಾಯಣರ ಪಕ್ಷ. 2018ರಲ್ಲಿ ಕೊಳ್ಳೇಗಾಲದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು 52,338 ಮತ ಪಡೆದರು. ಗೆದ್ದವರು ಬಿಎಸ್‌ಪಿಯ ಎನ್. ಮಹೇಶ್, 71,792. ಅಂತರ 19,454. ಮಹೇಶ್ ರಾಜ್ಯಕ್ಕೆಲ್ಲ ಬಿಎಸ್‌ಪಿಯ ಒಬ್ಬರೇ ಶಾಸಕರು, ಕುಮಾರಸ್ವಾಮಿ ಸರ್ಕಾರದಲ್ಲಿ ಕೆಲವು ತಿಂಗಳು ಶಿಕ್ಷಣ ಮಂತ್ರಿಯೂ ಆಗಿದ್ದರು.

ಮುಂದಿನ ವರ್ಷ ಧ್ರುವನಾರಾಯಣರ ಸರದಿ. 2019ರ ಲೋಕಸಭೆಯಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು. ಇಬ್ಬರೂ ಐದು ಲಕ್ಷ ಅರವತ್ತಾರು ಸಾವಿರ ದಾಟಿದ್ದರು. ಒಂದು ವೋಟಿನಿಂದ ಶುರುವಾದ ಗೆಲುವಿನ ಸಾಲು ಅಲ್ಲಿಗೆ ನಿಂತಿತು. ಅವರು ಕೆಪಿಸಿಸಿ ಕಾರ್ಯಾಧ್ಯಕ್ಷರಾದರು, ನಂಜನಗೂಡಿನಿಂದ ವಿಧಾನಸಭೆಗೆ ನಿಲ್ಲುವ ತಯಾರಿಯಲ್ಲಿದ್ದರು. 2023ರ ಮಾರ್ಚ್ 11ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎರಡು ತಿಂಗಳಿಗೆ ಚುನಾವಣೆ. ಕಾಂಗ್ರೆಸ್ ಅವರ ಮಗ ದರ್ಶನ್ ಅವರಿಗೆ ಟಿಕೆಟ್ ಕೊಟ್ಟಿತು, ಜೆಡಿಎಸ್ ಎದುರಿಗೆ ಅಭ್ಯರ್ಥಿಯನ್ನೇ ಹಾಕಲಿಲ್ಲ. ದರ್ಶನ್ 47 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

ಅದೇ ದಿನ ಕೊಳ್ಳೇಗಾಲದಲ್ಲೂ ಎಣಿಕೆ ನಡೆದಿತ್ತು. ಕೃಷ್ಣಮೂರ್ತಿಗೆ 1,08,363. ಬಿಜೆಪಿಯಿಂದ ನಿಂತಿದ್ದ ಎನ್. ಮಹೇಶ್‌ಗೆ 48,844. ಅಂತರ 59,519. ಒಂದು ವೋಟಿನಿಂದ ಸೋತು 19 ವರ್ಷ ಆದ ಮೇಲೆ ಅವರು ವಿಧಾನಸಭೆಗೆ ವಾಪಸ್ ಬಂದರು. ಹಳೆಯ ಎದುರಾಳಿಯ ಮಗನೂ ಅವರೂ ಈಗ ಒಂದೇ ಪಕ್ಷದ ಶಾಸಕರು. ಸಂತೇಮರಹಳ್ಳಿ ಹೋಬಳಿಯ ಜನರ ಪಾಲಿಗೆ ಶಾಸಕರು ಮತ್ತೆ ಅದೇ ಕೃಷ್ಣಮೂರ್ತಿ, ಕ್ಷೇತ್ರದ ಹೆಸರು ಮಾತ್ರ ಬೇರೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಒಬ್ಬ ವಿದ್ಯಾರ್ಥಿನಿ: “ಸಾರ್, ನಾವು ಹೋಗುವಷ್ಟರಲ್ಲಿ ನಮ್ಮ ಹೆಸರಲ್ಲಿ ಬೇರೆ ಯಾರೋ ವೋಟು ಹಾಕಿಬಿಟ್ಟಿದ್ದರೆ? ಅಂಥ ವೋಟು ಇಂಥ ಕಡೆ ಲೆಕ್ಕಕ್ಕೆ ಬರುತ್ತಾ?”)

ಒಳ್ಳೆ ಪ್ರಶ್ನೆ. ಹಾಗಾದರೆ ಸುಮ್ಮನೆ ವಾಪಸ್ ಬರಬೇಡಿ. ನೀವೇ ನೀವು ಅಂತ ಸಾಬೀತು ಮಾಡಿದರೆ ಮತಗಟ್ಟೆ ಅಧಿಕಾರಿ ಕಾಗದದ ಮತಪತ್ರ ಕೊಡಬೇಕು, ಅದಕ್ಕೆ ಟೆಂಡರ್ ವೋಟ್ ಅನ್ನುತ್ತಾರೆ. ಗುರುತು ಹಾಕಿದ ಮೇಲೆ ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಆದರೆ ಎಣಿಕೆಯ ದಿನ ಅದನ್ನು ತೆರೆಯುವುದಿಲ್ಲ. ಚುನಾವಣಾ ತಕರಾರು ಅರ್ಜಿ ಹಾಕಿ ಕೋರ್ಟು ಕೇಳಿದರೆ ಮಾತ್ರ ಅದರ ಮಾತು ಬರುತ್ತದೆ. ಜೋಶಿಯವರ ನಾಥದ್ವಾರದ ಮೊಕದ್ದಮೆಯಲ್ಲಿ ಇಂಥ ಟೆಂಡರ್ ವೋಟುಗಳ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂತರ ಹತ್ತು ಸಾವಿರ ಇದ್ದಾಗ ಆ ಲಕೋಟೆಯ ಕಡೆ ಯಾರೂ ನೋಡುವುದಿಲ್ಲ.

(ಹಿಂದಿನ ಸಾಲಿನಿಂದ ಇನ್ನೊಬ್ಬರು: “ಇವರೆಲ್ಲ ಇಷ್ಟು ಸಲ ಪಕ್ಷ ಬದಲಿಸಿದ್ದಾರೆ. ಜನ ಹೇಗೆ ಸಾರ್ ಮತ್ತೆ ವೋಟು ಹಾಕ್ತಾರೆ?”)

ಕೊಳ್ಳೇಗಾಲದ ಅಂಕಿಯನ್ನೇ ನೋಡೋಣ. 2018ರಲ್ಲೂ 2023ರಲ್ಲೂ ಇದೇ ಇಬ್ಬರು ಎದುರುಬದುರು. ಇಬ್ಬರೂ ಪಕ್ಷ ಬಿಟ್ಟು ಬಂದವರೇ. ಒಬ್ಬರು 52 ಸಾವಿರದಿಂದ 1 ಲಕ್ಷ 8 ಸಾವಿರಕ್ಕೆ ಏರಿದರು, ಇನ್ನೊಬ್ಬರು 71 ಸಾವಿರದಿಂದ 48 ಸಾವಿರಕ್ಕೆ ಇಳಿದರು. ರಾಜ್ಯದಲ್ಲಿ ಕಾಂಗ್ರೆಸ್ ಅಲೆ ಇತ್ತು, ಅದು ಒಂದು ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ ಕೃಷ್ಣಮೂರ್ತಿ ಪಕ್ಷ ಬದಲಿಸಿದ್ದು ಅಧಿಕಾರ ಇಲ್ಲದಾಗ, ಸೋತು ಮನೆಯಲ್ಲಿ ಕೂತಿದ್ದಾಗ. ಮಹೇಶ್ ಆನೆಯ ಗುರುತಿನ ಮೇಲೆ ಗೆದ್ದು, 2019ರ ವಿಶ್ವಾಸಮತದ ದಿನ ಸದನಕ್ಕೆ ಬರದೆ, ಬಿಎಸ್‌ಪಿಯಿಂದ ಉಚ್ಚಾಟನೆಗೊಂಡು, ಅದೇ ಅವಧಿಯಲ್ಲೇ 2021ರಲ್ಲಿ ಬಿಜೆಪಿ ಸೇರಿದರು. ಆನೆಗೆ ವೋಟು ಹಾಕಿದ್ದವರಿಗೆ ತಮ್ಮ ವೋಟನ್ನೇ ಬೇರೆ ಕಡೆ ಕೊಂಡೊಯ್ದ ಹಾಗಾಯಿತು. ಸೋತವರು ಪಕ್ಷ ಬಿಟ್ಟರೆ ಅವರ ಹತ್ತಿರ ಜನರದ್ದು ಏನೂ ಇರುವುದಿಲ್ಲ ಅಲ್ವಾ?